ಪ್ರಶ್ನೋತ್ತರ: ಒಂದೇ ಸೂರಿನಡಿ ಆಸ್ತಿಕರು ಮತ್ತು ನಾಸ್ತಿಕರು

ದೇವರ ಪೂಜೆಯನ್ನು ಬಿಟ್ಟ ಮೇಲೆ ಮನೆಯವರೇ ತಮ್ಮೊಡನೆ ಮಾತು ಕಡಿಮೆ ಮಾಡಿದ್ದಾರೆಂದು ಬರೆದಿದ್ದ ಓದುಗರೊಬ್ಬರ ಪತ್ರವನ್ನು ಕಳೆದ ತಿಂಗಳ ಸಂಚಿಕೆಯಲ್ಲಿ ಪ್ರಕಟಿಸಿದ್ದೆವು. ಅದಕ್ಕೆ ಬಂದ ಪ್ರತಿಕ್ರಿಯೆಗಳಲ್ಲಿ ಪ್ರಶ್ನೆಗಳೇ ಹೆಚ್ಚು. ದೇವರಿದ್ದಾನೆಯೇ ಇಲ್ಲವೇ ಎಂದು ಕೇಳಿದವರು ವಿರಳ; ಇದ್ದಾನೆಂದು ನಂಬಿದವರೂ ಇಲ್ಲವೆಂದು ತಿಳಿದವರೂ ಕೂಡಿ ಬಾಳುವುದು ಹೇಗೆಂದು ಕೇಳಿದವರೇ ಬಹುಮಂದಿ. ಆಯ್ದ ಕೆಲವನ್ನು ಈ ಬಾರಿ ಎತ್ತಿಕೊಂಡಿದ್ದೇನೆ. ಪತ್ರ ಬರೆದವರ ಕೋರಿಕೆಯಂತೆ ಹೆಸರುಗಳನ್ನು ಬಿಟ್ಟಿದ್ದೇನೆ. ಉತ್ತರಿಸುವವನ ನಿಲುವು ಏನೆಂಬುದು ಓದುಗರಿಗೆ ಮೊದಲೇ ತಿಳಿದಿರುವುದು ನ್ಯಾಯ: ನಾನು ದೇವರನ್ನು ನಂಬುವವನು, ದಿನವೂ ಸಂಜೆ ದೀಪ ಹಚ್ಚುವವನು.

ಪ್ರಶ್ನೆ: ತಂದೆಯವರು ತೀರಿಕೊಂಡು ಬರುವ ತಿಂಗಳಿಗೆ ಒಂದು ವರ್ಷವಾಗುತ್ತದೆ. ಕಾಲೇಜಿನ ದಿನಗಳಿಂದಲೂ ನಾನು ದೇವರನ್ನಾಗಲಿ ಪರಲೋಕವನ್ನಾಗಲಿ ನಂಬಿದವನಲ್ಲ. ಅದು ತಂದೆಯವರಿಗೂ ಗೊತ್ತಿತ್ತು. ಈಗ ವರ್ಷದ ತಿಥಿಯನ್ನು ನಾನೇ ಮಾಡಬೇಕೆಂದು ಅಮ್ಮ ಪಟ್ಟು ಹಿಡಿದಿದ್ದಾರೆ. ಮಾಡಿದರೆ ನನಗೆ ನಾನೇ ಸುಳ್ಳು ಹೇಳಿಕೊಂಡಂತೆ, ಮಾಡದಿದ್ದರೆ ಅಮ್ಮನ ಕಣ್ಣೀರು. ಏನು ಮಾಡಲಿ?
ಹಾಸನ ಜಿಲ್ಲೆಯವರು, ಬೆಂಗಳೂರಿನಲ್ಲಿ ಉದ್ಯೋಗ

ಉತ್ತರ: ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು, ‘ಅದು ತಂದೆಯವರಿಗೂ ಗೊತ್ತಿತ್ತು’ ಎಂಬ ಸಣ್ಣ ವಾಕ್ಯ. ನಿಮ್ಮ ನಿಲುವನ್ನು ತಿಳಿದೂ ಅವರು ನಿಮ್ಮನ್ನು ಮಗನಾಗಿಯೇ ಉಳಿಸಿಕೊಂಡರು. ಈ ಮಾತನ್ನು ಅಮ್ಮನ ಬಳಿ ಒಮ್ಮೆ ಬಾಯಿಬಿಟ್ಟು ಆಡಿದ್ದೀರಾ? ಇಂಥ ಸಂದರ್ಭಗಳಲ್ಲಿ ತಾಯಿ ಮಗನಿಂದ ಕೇಳುತ್ತಿರುವುದು ಪರಲೋಕದ ಕುರಿತ ಒಪ್ಪಿಗೆಯನ್ನೇ ಎಂದು ಮಗ ಭಾವಿಸಿಬಿಡುತ್ತಾನೆ. ಆಕೆ ಕೇಳುತ್ತಿರುವುದು ಬಹುಮಟ್ಟಿಗೆ ಬೇರೆಯೇ ಇರುತ್ತದೆ: ಆ ದಿನ ಮಗ ಮನೆಯಲ್ಲಿರಬೇಕು, ನಾಲ್ಕು ಜನ ಅವರ ಹೆಸರು ಹೇಳಿ ಊಟ ಮಾಡಬೇಕು, ನೆಂಟರೆದುರು ತನ್ನ ಗಂಡ ‘ಗತಿಯಿಲ್ಲದವನು’ ಎನಿಸಿಕೊಳ್ಳಬಾರದು. ಇವುಗಳಲ್ಲಿ ಯಾವುದು ನಿಮ್ಮ ತಾಯಿಗೆ ಮುಖ್ಯವೆಂಬುದು ಕೇಳಿದರೆ ಮಾತ್ರ ತಿಳಿಯುತ್ತದೆ.

ಇನ್ನು ಕರ್ಮದ ವಿಷಯ. ತಿಥಿಯೆಂದರೆ ಒಂದೇ ಕೆಲಸವಲ್ಲ. ಬೆಳಗಿನಿಂದ ಮಡಿಯಲ್ಲಿ ಅಡುಗೆಯಾಗಬೇಕು, ಎಲೆ ಹಾಕಬೇಕು, ಬಂದವರ ಕಾಲಿಗೆ ನೀರು ಕೊಡಬೇಕು, ಬಡಿಸಬೇಕು, ದಕ್ಷಿಣೆ ಕೊಡಬೇಕು. ಇವೆಲ್ಲದರ ನಡುವೆ ಬೆರಳಿಗೆ ದರ್ಭೆಯ ಪವಿತ್ರ ಧರಿಸಿ ಸಂಕಲ್ಪ ಹೇಳಿ, ಎಳ್ಳುನೀರು ಬಿಟ್ಟು, ಪಿಂಡವಿಡುವ ಭಾಗವೊಂದಿದೆ. ನಿಮ್ಮ ಮನಸ್ಸಾಕ್ಷಿಗೆ ಅಡ್ಡ ಬರುವುದು ಈ ಕೊನೆಯ ಭಾಗ ಮಾತ್ರ. ಏಕೆಂದರೆ ನೀವು ನಂಬದ ಮಾತನ್ನು ನಿಮ್ಮ ಬಾಯಿಂದಲೇ ಅಲ್ಲಿ ಹೇಳಿಸಲಾಗುತ್ತದೆ. ಅದನ್ನು ಮಾಡಲು ಚಿಕ್ಕಪ್ಪನೋ ತಮ್ಮನೋ ಅಕ್ಕತಂಗಿಯರ ಮಗನೋ ಇದ್ದರೆ ಅವರ ಕೈಯಿಂದ ಮಾಡಿಸಲು ಶಾಸ್ತ್ರದಲ್ಲೇ ಅವಕಾಶವಿದೆ. ನಿಮ್ಮ ಪುರೋಹಿತರನ್ನು ಕೇಳಿ ನೋಡಿ. ಉಳಿದದ್ದೆಲ್ಲವನ್ನೂ ನೀವು ಮನಸ್ಸಿಟ್ಟು ಮಾಡಬಹುದು. ಪಂಚೆ ಉಟ್ಟು ಬಡಿಸಲು ನಿಂತ ಮಗನಲ್ಲಿ ಅಮ್ಮ ಕಾಣುವುದನ್ನು ಮಂತ್ರ ಹೇಳಲು ಒಲ್ಲೆನೆಂದು ಬೆಂಗಳೂರಿನಲ್ಲೇ ಉಳಿದುಬಿಟ್ಟ ಮಗನಲ್ಲಿ ಕಾಣಲಾರರು.

ಅಮ್ಮನಿಗೂ ಒಂದು ಮಾತು ಹೇಳಬೇಕಾಗಿದೆ, ಈ ಪುಟವನ್ನು ಅವರಿಗೆ ಓದಿ ಹೇಳಿ. ಶ್ರದ್ಧೆಯಿಲ್ಲದೆ ಮಾಡಿದ ಹೋಮ, ದಾನ, ತಪಸ್ಸು ಯಾವುದೂ ಇಹಕ್ಕೂ ಇಲ್ಲ, ಪರಕ್ಕೂ ಇಲ್ಲ ಎಂದು ಭಗವದ್ಗೀತೆಯ 17ನೇ ಅಧ್ಯಾಯದ ಕಡೆಯ ಶ್ಲೋಕ ಸ್ಪಷ್ಟವಾಗಿ ಹೇಳುತ್ತದೆ. ನಂಬದ ಮಗನನ್ನು ಅಳುವಿನಿಂದಲೋ ಆಣೆಯಿಂದಲೋ ಕಟ್ಟಿಹಾಕಿ ಮಣೆಯ ಮೇಲೆ ಕೂರಿಸುವುದರಿಂದ ತೀರಿಹೋದವರಿಗೆ ಏನಾದರೂ ತಲುಪುತ್ತದೆಯೆಂದು ಆಸ್ತಿಕರಾದ ನಾವೇ ಹೇಳುವಂತಿಲ್ಲ. ಬಲವಂತದ ಕರ್ಮಕ್ಕಿಂತ, ನಂಬುವ ಬಂಧುವೊಬ್ಬರ ಕೈಯಿಂದ ನಡೆದ ಕರ್ಮವೇ ನಮ್ಮ ಲೆಕ್ಕದಲ್ಲೂ ಮೇಲು.

ಪ್ರಶ್ನೆ: ಇಪ್ಪತ್ತೆರಡು ವರ್ಷದ ನನ್ನ ಮಗಳು ದೇವರಿಲ್ಲ ಎನ್ನುತ್ತಾಳೆ. ಚಿಕ್ಕವಳಿದ್ದಾಗ ಅವಳಿಗೆ ಜ್ವರ ವಿಪರೀತವಾಗಿ, ಮಾರಿಕಾಂಬೆಗೆ ಹರಕೆ ಹೊತ್ತು ಉಳಿಸಿಕೊಂಡೆ. ಈ ಸಲದ ಜಾತ್ರೆಗೆ ಬರುವುದಿಲ್ಲ ಎಂದುಬಿಟ್ಟಳು. ನಾವು ಬೆಳೆಸಿದ್ದರಲ್ಲೇ ತಪ್ಪಾಯಿತೇ? ದೇವರ ಭಯವಿಲ್ಲದವರು ನಾಳೆ ಯಾವ ದಾರಿ ಹಿಡಿಯುತ್ತಾರೋ ಎಂಬ ಹೆದರಿಕೆ.
ಗೃಹಿಣಿ, ಶಿರಸಿ

ಉತ್ತರ: ತಾಯಿ, ನಿಮ್ಮ ಪತ್ರದಲ್ಲಿ ಎರಡು ಸಂಕಟಗಳು ಒಂದಕ್ಕೊಂದು ಹೆಣೆದುಕೊಂಡಿವೆ. ದೇವರ ಭಯವಿಲ್ಲದೆ ಮಗಳು ದಾರಿ ತಪ್ಪುತ್ತಾಳೆಂಬುದು ಒಂದು. ಇದಕ್ಕೆ ಉತ್ತರ ಹೇಳುವುದು ಸುಲಭ, ಏಕೆಂದರೆ ಕಣ್ಣೆದುರಿಗೆ ಬದುಕಿ ತೋರಿಸಿದವರಿದ್ದಾರೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದವರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದವರು, ಪ್ರಶ್ನಿಸದೆ ಯಾವುದನ್ನೂ ಒಪ್ಪದ ವಿಚಾರವಾದಿ. ಖಾದಿ ಉಟ್ಟು, ಗಾಂಧಿ ಟೋಪಿ ಧರಿಸಿ, ಮದುವೆಯಾಗದೆ, ಬಸವನಗುಡಿಯ ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದ ಕೋಣೆಯಲ್ಲೇ ಬಾಳಿನ ಬಹುಭಾಗವನ್ನು ಕಳೆದರು. ಅವರ ಸರಳತೆಯನ್ನೂ ಪ್ರಾಮಾಣಿಕತೆಯನ್ನೂ ಅವರ ವಿಚಾರಗಳನ್ನು ಒಪ್ಪದ ಆಸ್ತಿಕರೇ ಎತ್ತಿ ಆಡಿದ್ದಾರೆ. ದಿನಕ್ಕೆ ಮೂರು ಹೊತ್ತು ಪೂಜೆ ಮಾಡಿಯೂ ತೂಕದಲ್ಲಿ ಮೋಸ ಮಾಡುವವರನ್ನು ನೀವೂ ಪೇಟೆಯಲ್ಲಿ ಕಂಡಿರುತ್ತೀರಿ. ಹೆದರಿಕೆಯೊಂದರಿಂದಲೇ ಯಾರೂ ಒಳ್ಳೆಯವರಾಗಿ ಉಳಿಯುವುದಿಲ್ಲ. ನಿಮ್ಮ ಮಗಳಿಗೆ ಇನ್ನೊಬ್ಬರ ನೋವು ತಟ್ಟುತ್ತದೆಯೇ, ಕೊಟ್ಟ ಮಾತನ್ನು ಉಳಿಸಿಕೊಳ್ಳುತ್ತಾಳೆಯೇ ಎಂಬುದನ್ನು ನೋಡಿ. ಅದರಲ್ಲಿ ಕೊರತೆಯಿಲ್ಲವೆಂದಾದರೆ ನಿಮ್ಮ ಬೆಳೆಸುವಿಕೆಯಲ್ಲಿ ತಪ್ಪು ಹುಡುಕಬೇಡಿ.

ಎರಡನೆಯ ಸಂಕಟ ಆಳವಾದದ್ದು, ಅದನ್ನು ಮಗಳೂ ಅರಿಯಬೇಕು. ಜ್ವರದಿಂದ ಕಾದ ಮಗುವನ್ನು ಎದೆಗವಚಿಕೊಂಡು, ಮಾಡಲು ಬೇರೇನೂ ತೋಚದೆ, ಅಮ್ಮನವರ ಮುಂದೆ ಸೆರಗೊಡ್ಡಿ ನಿಂತ ಆ ರಾತ್ರಿ ನಿಮ್ಮ ಬದುಕಿನ ಅತಿ ದೊಡ್ಡ ರಾತ್ರಿ. ಆ ರಾತ್ರಿಯಿಂದ ಉಳಿದುಬಂದವಳೇ ಈಗ ಅದೆಲ್ಲ ಮೂಢನಂಬಿಕೆ ಎಂದಾಗ, ನಿಮ್ಮ ಪ್ರೀತಿಯನ್ನೇ ಅಲ್ಲಗಳೆದಂತೆ ನಿಮಗೆ ಕೇಳಿಸುತ್ತದೆ. ಮಗಳಿಗೆ ನಾನು ಹೇಳುವುದು ಇಷ್ಟು: ಜ್ವರ ಇಳಿದದ್ದು ಔಷಧದಿಂದಲೇ ಎಂದು ನೀನು ತಿಳಿದಿರಬಹುದು, ತಿಳಿದುಕೋ, ಆದರೆ ಹರಕೆ ಹೊತ್ತವಳ ಆ ರಾತ್ರಿಯ ಕಥೆಯನ್ನು ಅಮ್ಮನ ಬಾಯಿಂದ ಒಮ್ಮೆ ಪೂರ್ತಿಯಾಗಿ, ನಡುವೆ ತಿದ್ದದೆ ಕೇಳು. ನೀವೂ ಅದೇ ರೀತಿ, ಅವಳ ನಂಬಿಕೆ ಯಾವಾಗ, ಯಾವ ಘಟನೆಯಿಂದ, ಯಾವ ಪ್ರಶ್ನೆಗೆ ಉತ್ತರ ಸಿಗದೆ ಸಡಿಲವಾಯಿತೆಂದು ಕೇಳಿ. ‘ಓದಿ ಹಾಳಾದೆ’ ಎಂಬ ಮಾತನ್ನು ಮಾತ್ರ ಆಡಬೇಡಿ. ಶಿರಸಿಯ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ. ಗರ್ಭಗುಡಿಗೆ ಬರಲೊಲ್ಲದವಳು ಜಾತ್ರೆಯ ಪೇಟೆಗೆ, ಬಳೆ ಅಂಗಡಿಗೆ ನಿಮ್ಮ ಜೊತೆ ಬರುತ್ತಾಳೆಂದರೆ ಕರೆದುಕೊಂಡು ಹೋಗಿ. ದೇವಿಯ ಮುಂದೆ ಹರಕೆ ಒಪ್ಪಿಸಬೇಕಾದವರು ಹೊತ್ತವರು, ಅಂದರೆ ನೀವು.

ಪ್ರಶ್ನೆ: ನಾಸ್ತಿಕವಾದ ನಮ್ಮ ನೆಲದ್ದಲ್ಲ, ಇಂಗ್ಲಿಷ್ ಶಿಕ್ಷಣದ ಜೊತೆ ಹೊರಗಿನಿಂದ ಬಂದದ್ದು ಎನ್ನುತ್ತಾರೆ. ನಿಜವೇ?
ಪದವಿ ವಿದ್ಯಾರ್ಥಿ, ಚಿತ್ರದುರ್ಗ

ಉತ್ತರ: ನಿಜವಲ್ಲ. ಚಾರ್ವಾಕರೆಂದೂ ಹೆಸರಾದ, ನಮ್ಮ ಪ್ರಾಚೀನ ಭೌತವಾದಿಗಳಾದ ಲೋಕಾಯತರು ದೇವರು, ಪರಲೋಕ, ವೇದಪ್ರಾಮಾಣ್ಯ ಮೂರನ್ನೂ ಒಪ್ಪಲಿಲ್ಲ; ಅವರ ಮೂಲಗ್ರಂಥಗಳು ನಮಗೆ ಉಳಿದಿಲ್ಲವಾದ್ದರಿಂದ ಹೆಚ್ಚಿನದನ್ನು ಅವರ ವಿರೋಧಿಗಳ ಬರಹಗಳಿಂದಲೇ ತಿಳಿಯಬೇಕಾಗಿದೆ. ವೇದಕ್ಕೆ ಪರಮ ಪ್ರಾಮಾಣ್ಯ ಕೊಟ್ಟ ಮೀಮಾಂಸಕರಲ್ಲೂ ಕುಮಾರಿಲಭಟ್ಟನಂಥವರು ಜಗತ್ತನ್ನು ಸೃಷ್ಟಿಸಿದ ಒಬ್ಬ ಈಶ್ವರನಿದ್ದಾನೆಂಬ ವಾದವನ್ನು ಖಂಡಿಸಿದರು. ಕನ್ನಡ ನಾಡಿಗೆ ಇನ್ನೂ ಹತ್ತಿರದ ಉದಾಹರಣೆ ಬೇಕೆಂದರೆ, ರಾಷ್ಟ್ರಕೂಟ ದೊರೆ ಅಮೋಘವರ್ಷನ ಗುರುಗಳಾಗಿದ್ದ ಜಿನಸೇನಾಚಾರ್ಯರು 9ನೇ ಶತಮಾನದಲ್ಲಿ ಬರೆದ ಸಂಸ್ಕೃತ ಪುರಾಣದಲ್ಲಿ, ಸೃಷ್ಟಿಕರ್ತನಿದ್ದಾನೆಂಬುದರ ವಿರುದ್ಧ ಒಂದರ ಮೇಲೊಂದು ಯುಕ್ತಿಗಳನ್ನು ಹೂಡಿದ್ದಾರೆ: ಸೃಷ್ಟಿಗೆ ಮೊದಲು ಅವನು ಎಲ್ಲಿದ್ದ, ಯಾವ ಸಾಮಗ್ರಿಯಿಂದ ಮಾಡಿದ, ಪರಿಪೂರ್ಣನಾದವನಿಗೆ ಸೃಷ್ಟಿಸುವ ಬಯಕೆ ಏಕೆ ಬಂತು ಎಂದು. ಜೈನರು ಪೂಜೆ, ವ್ರತ, ಮೋಕ್ಷಗಳನ್ನು ಉಳಿಸಿಕೊಂಡೇ ಸೃಷ್ಟಿಕರ್ತನನ್ನು ಬಿಟ್ಟವರು. ಇಂದಿನ ನಾಸ್ತಿಕರನ್ನು ಅವರ ಸಾಲಿಗೆ ಸೇರಿಸಲು ಬರುವುದಿಲ್ಲವಾದರೂ, ದೇವರಿಲ್ಲದೆ ಧರ್ಮವೇ ಇರಲಾರದೆಂಬ ಮಾತು ಈ ನೆಲದಲ್ಲಿ ಹುಟ್ಟಿದ್ದಲ್ಲ.

14ನೇ ಶತಮಾನದಲ್ಲಿ, ವಿಜಯನಗರದ ಆಶ್ರಯದಲ್ಲಿ, ಮಾಧವಾಚಾರ್ಯರ ಹೆಸರಿನಲ್ಲಿ ಬಂದ ಸರ್ವದರ್ಶನಸಂಗ್ರಹ ಎಲ್ಲ ದರ್ಶನಗಳನ್ನೂ ಒಂದೊಂದಾಗಿ ವಿವರಿಸುತ್ತದೆ. ಅದು ಆರಂಭವಾಗುವುದೇ ಚಾರ್ವಾಕರಿಂದ. ಎದುರಾಳಿಯ ವಾದವನ್ನು ಮೊದಲು ಪೂರ್ವಪಕ್ಷವಾಗಿ ಸರಿಯಾಗಿ ಮಂಡಿಸಿ, ಬಳಿಕವೇ ಖಂಡಿಸಬೇಕೆಂಬ ಈ ಪದ್ಧತಿ ಇಂದಿನ ನಮ್ಮ ಆಸ್ತಿಕ ಸಭೆಗಳಲ್ಲೂ ನಾಸ್ತಿಕ ಸಭೆಗಳಲ್ಲೂ ಕಾಣೆಯಾಗಿರುವುದು ನನಗೆ ನಿಜವಾದ ದುಃಖದ ವಿಷಯ.

ಅದೇ ಶತಮಾನದ ಇನ್ನೊಂದು ದಾಖಲೆಯನ್ನು ನೀವು ಶ್ರವಣಬೆಳಗೊಳಕ್ಕೆ ಹೋದಾಗ ನೋಡಬಹುದು. 1368ರಲ್ಲಿ, ಶಾಸನದ ಮಾತಿನಲ್ಲಿ ‘ಭಕ್ತ’ರಾದ ವೈಷ್ಣವರಿಂದ ತಮಗೆ ಅನ್ಯಾಯವಾಗುತ್ತಿದೆಯೆಂದು ‘ಭವ್ಯ’ರಾದ ಜೈನರು ಬುಕ್ಕರಾಯನಿಗೆ ಮೊರೆಯಿಟ್ಟರು. ಅರಸನು ವೈಷ್ಣವ ಆಚಾರ್ಯರನ್ನೂ ಮುಖಂಡರನ್ನೂ ಕರೆಸಿ, ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದನು. ಶಾಸನ ಅಷ್ಟಕ್ಕೇ ನಿಲ್ಲದಿರುವುದು ವಿಶೇಷ. ಜೈನರಿಗೆ ಪಂಚಮಹಾವಾದ್ಯ ಮತ್ತು ಕಲಶದ ಹಕ್ಕು ಮೊದಲಿನಂತೆ ಸಲ್ಲಬೇಕು, ಜೈನರು ಮನೆಗೊಂದು ‘ಹಣ’ದಂತೆ, ಅಂದರೆ ಆಗಿನ ಒಂದು ನಾಣ್ಯದಂತೆ, ವರ್ಷಕ್ಕೊಮ್ಮೆ ಕೊಡಬೇಕು, ಅದರಿಂದ ಬೆಳಗೊಳದ ದೇವರ ಕಾವಲಿಗೆ ಇಪ್ಪತ್ತು ಆಳುಗಳನ್ನು ನೇಮಿಸಬೇಕು, ಉಳಿದ ಹಣದಲ್ಲಿ ಜೀರ್ಣವಾದ ಬಸದಿಗಳಿಗೆ ಸುಣ್ಣ ಬಳಿಸಬೇಕು, ಇದರ ಮೇಲ್ವಿಚಾರಣೆಯನ್ನು ತಿರುಮಲೆಯ ವೈಷ್ಣವರಾದ ತಾತಯ್ಯನೇ ನೋಡಿಕೊಳ್ಳಬೇಕು. ಸೃಷ್ಟಿಕರ್ತನನ್ನು ಒಪ್ಪುವವರೂ ಒಪ್ಪದವರೂ ಕೂಡಿ ಇರಬೇಕಾದಾಗ ಇತ್ಯರ್ಥವಾಗಬೇಕಾದದ್ದು ಇಂಥ ವಿಷಯಗಳೇ: ಕಾವಲು, ಸುಣ್ಣ, ವಾದ್ಯ, ಹಣ. ಯಾರ ನಂಬಿಕೆ ಸರಿಯೆಂಬ ಪ್ರಶ್ನೆಯನ್ನು ಅರಸನು ತೀರ್ಮಾನಿಸಲು ಹೋಗಲಿಲ್ಲ.

ಪ್ರಶ್ನೆ: ನಾನು ಹನುಮಂತನ ಭಕ್ತ. ವಿಚಾರವಾದಿಗಳೆಂದು ಹೇಳಿಕೊಳ್ಳುವವರು ವೇದಿಕೆಯ ಮೇಲೆ ನಮ್ಮ ದೇವರನ್ನು ಹೀಯಾಳಿಸುವುದನ್ನು ಕೇಳಿ ಕೇಳಿ ಸಾಕಾಗಿದೆ. ನಮ್ಮನ್ನೇಕೆ ಅರ್ಥ ಮಾಡಿಕೊಳ್ಳಬಾರದು? ನಾವೇ ಏಕೆ ಅವರನ್ನು ಸಹಿಸಬೇಕು?
ಕಿರಾಣಿ ವ್ಯಾಪಾರಿ, ಹುಬ್ಬಳ್ಳಿ

ಉತ್ತರ: ಶನಿವಾರ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ಹನುಮಪ್ಪನಿಗೆ ಕೈಮುಗಿಯುವವರ ಕೈಗಳನ್ನು ನೋಡಿ ನಗುವುದರಲ್ಲಿ ವಿಚಾರವೂ ಇಲ್ಲ, ಧೈರ್ಯವೂ ಇಲ್ಲ. ನಿಮ್ಮ ನೋವು ನನ್ನದೂ ಹೌದು. ಆದರೆ ನಿಮ್ಮನ್ನು ನೋಯಿಸಿದ ಮಾತುಗಳನ್ನು ಒಂದೊಂದಾಗಿ ಬಿಡಿಸಿ ನೋಡಬೇಕೆಂದು ಕೇಳಿಕೊಳ್ಳುತ್ತೇನೆ. ಅವುಗಳಲ್ಲಿ ಹೀಯಾಳಿಕೆ ಎಷ್ಟು, ಪ್ರಶ್ನೆ ಎಷ್ಟು?

1976ರಲ್ಲಿ ನರಸಿಂಹಯ್ಯನವರು ವಿಶ್ವವಿದ್ಯಾಲಯದ ವತಿಯಿಂದ ಪವಾಡಗಳನ್ನೂ ಪರೀಕ್ಷಿಸಬಹುದಾದ ಮೂಢನಂಬಿಕೆಗಳನ್ನೂ ತನಿಖೆ ಮಾಡುವ ಸಮಿತಿಯೊಂದನ್ನು ರಚಿಸಿದಾಗ ದೊಡ್ಡ ಕೋಲಾಹಲವೆದ್ದಿತು. ಅವರು ಕೇಳಿದ್ದು, ಶೂನ್ಯದಿಂದ ವಸ್ತುಗಳನ್ನು ಸೃಷ್ಟಿಸುತ್ತೇವೆನ್ನುವವರು ಅದನ್ನು ಪರೀಕ್ಷೆಗೆ ಒಡ್ಡಬೇಕೆಂಬುದನ್ನು ಮಾತ್ರ. ಅದು ಹನುಮಂತನ ಮೇಲಿನ ನಿಮ್ಮ ಭಕ್ತಿಯನ್ನು ಮುಟ್ಟುವ ಮಾತೇ ಅಲ್ಲ. ಭಕ್ತಿಯ ಹೆಸರಿನಲ್ಲಿ ಮೋಸ ಹೋಗದಂತೆ ಭಕ್ತನನ್ನು ಕಾಯುವ ಮಾತು. ಮಹಾರಾಷ್ಟ್ರದಲ್ಲಿ ಮೂಢನಂಬಿಕೆಯ ವಿರುದ್ಧ ಹೋರಾಡಿದ ನರೇಂದ್ರ ದಾಭೋಲ್ಕರ್ ಕೂಡ ತಮ್ಮ ಸಂಘಟನೆ ದೇವರ ಅಥವಾ ಧರ್ಮದ ವಿರುದ್ಧವಲ್ಲ, ಅವುಗಳ ಹೆಸರಿನಲ್ಲಿ ನಡೆಯುವ ಶೋಷಣೆಯ ವಿರುದ್ಧ ಎಂದು ಹೇಳುತ್ತಲೇ ಬಂದವರು. ವೈದ್ಯರಾಗಿದ್ದ ಅವರನ್ನು 2013ರ ಆಗಸ್ಟ್ 20ರ ಬೆಳಿಗ್ಗೆ ಪುಣೆಯಲ್ಲಿ, ವಾಯುವಿಹಾರಕ್ಕೆ ಹೊರಟಿದ್ದಾಗ ಗುಂಡಿಟ್ಟು ಕೊಂದರು. 2015ರ ಆಗಸ್ಟ್ 30ರಂದು ನಮ್ಮ ಧಾರವಾಡದಲ್ಲಿ, ವಚನ ಸಾಹಿತ್ಯಕ್ಕಾಗಿ ಬದುಕನ್ನೇ ಮುಡಿಪಿಟ್ಟಿದ್ದ ಎಂ. ಎಂ. ಕಲಬುರ್ಗಿಯವರನ್ನು ಅವರ ಮನೆಯ ಬಾಗಿಲಲ್ಲೇ ಕೊಂದರು. 2017ರ ಮಾರ್ಚ್‌ನಲ್ಲಿ ಕೊಯಮತ್ತೂರಿನಲ್ಲಿ ಮುಸ್ಲಿಂ ಮನೆತನದಲ್ಲಿ ಹುಟ್ಟಿ ನಾಸ್ತಿಕನಾಗಿದ್ದ ಫಾರೂಕ್ ಎಂಬ ಯುವಕನ ಕೊಲೆಯಾಯಿತು. ನಾವೇ ಏಕೆ ಸಹಿಸಬೇಕೆಂದು ಕೇಳುತ್ತೀರಿ. ನಂಬದವರು ಆಡಿದ ಕಟುಮಾತಿಗೂ ಪ್ರಶ್ನಿಸಿದವರಿಗಾಗಿ ಕಾದಿದ್ದ ಸಾವಿಗೂ ಇರುವ ಅಂತರವನ್ನು ಅಳೆದು ನೋಡಿದಾಗ, ಸಹನೆಯ ಹೊರೆ ನಮ್ಮ ಕಡೆ ಹೆಚ್ಚಾಯಿತೆಂದು ಹೇಳಲು ನಂಬುವವನಾದ ನನಗೆ ಬಾಯಿ ಬರುವುದಿಲ್ಲ.

ವೇದಿಕೆ ಏರುವ ವಿಚಾರವಾದಿಗಳು ಈ ಅಂಕಣವನ್ನು ಓದುವುದಾದರೆ, ಅವರಲ್ಲೂ ನನ್ನದೊಂದು ಒತ್ತಾಯವಿದೆ. ಅನಿಷ್ಟ ಆಚರಣೆಗಳನ್ನು ತಡೆಯಲು ಕರ್ನಾಟಕದಲ್ಲಿ 2017ರಲ್ಲಿ ಕಾಯ್ದೆಯಾದದ್ದು, ನಂಬುವ ಲಕ್ಷಾಂತರ ಜನರೂ ಮಡೆಸ್ನಾನದಂಥದ್ದು ಬೇಡವೆಂದು ಮನಗಂಡಿದ್ದರಿಂದ. ಆ ಜನರನ್ನು ದಡ್ಡರೆಂದು ಕರೆದರೆ ಮುಂದಿನ ಹೋರಾಟಕ್ಕೆ ನಿಮ್ಮ ಜೊತೆ ಬರುವವರು ಯಾರು?

ಪ್ರಶ್ನೆ: ಗಾಢವಾಗಿ ನಂಬುವವರು ಮತ್ತು ಗಾಢವಾಗಿ ನಂಬದವರು ಪರಸ್ಪರ ಗೌರವಿಸಿ ಕೂಡಿ ಕೆಲಸ ಮಾಡಿದ ನಿಜವಾದ ಉದಾಹರಣೆ ಇದೆಯೇ, ಅಥವಾ ಇದೆಲ್ಲ ಹೇಳಲಷ್ಟೇ ಚೆನ್ನವೇ?
ಉಪನ್ಯಾಸಕರು, ಮೈಸೂರು

ಉತ್ತರ: ಇದೆ, ಮತ್ತು ಆ ಉದಾಹರಣೆ ಇನ್ನೂ ಹೆಚ್ಚು ಜನರಿಗೆ ಗೊತ್ತಿರಬೇಕಿತ್ತೆಂದು ನನಗೆ ಮತ್ತೆ ಮತ್ತೆ ಅನಿಸಿದೆ. ಅದು ಗಾಂಧೀಜಿ ಮತ್ತು ಆಂಧ್ರದ ಗೋರಾ ಅವರದು. ಗೋರಾ ಎಂದರೆ ಗೋಪರಾಜು ರಾಮಚಂದ್ರರಾವ್; ಹುಟ್ಟಿದ್ದು 1902ರಲ್ಲಿ, ಸಸ್ಯಶಾಸ್ತ್ರದ ಅಧ್ಯಾಪಕರಾಗಿದ್ದರು. ನಾಸ್ತಿಕ ವಿಚಾರಗಳಿಗಾಗಿ ಕಾಲೇಜಿನ ಕೆಲಸ ಕಳೆದುಕೊಂಡು, 1940ರಲ್ಲಿ ಕೃಷ್ಣಾ ಜಿಲ್ಲೆಯ ಮುದುನೂರಿನಲ್ಲಿ ನಾಸ್ತಿಕ ಕೇಂದ್ರವನ್ನು ಕಟ್ಟಿದರು. ಮುಂದೆ ಅದು ವಿಜಯವಾಡಕ್ಕೆ ಹೋಯಿತು. ಅಸ್ಪೃಶ್ಯತೆಯ ನಿವಾರಣೆ, ಸಹಭೋಜನ, ವಯಸ್ಕರ ಶಿಕ್ಷಣ ಅವರ ದಿನನಿತ್ಯದ ಕೆಲಸ.

ಗಾಂಧೀಜಿ ಮೊದಲಿಗೆ ಅವರನ್ನು ಹತ್ತಿರಕ್ಕೆ ಕರೆಯಲಿಲ್ಲ. ಭೇಟಿಗೆ ಅವಕಾಶ ಕೋರಿ 1941ರಲ್ಲಿ ಗೋರಾ ಬರೆದಾಗ, ನಾಸ್ತಿಕತೆಯೆಂದರೆ ತನ್ನನ್ನು ತಾನೇ ನಿರಾಕರಿಸಿಕೊಂಡಂತೆ, ನಿಮಗೆ ಸಿಕ್ಕ ಯಶಸ್ಸು ನಿಮ್ಮ ಪ್ರಾಮಾಣಿಕ ಸೇವೆಯಿಂದ ಬಂದದ್ದು, ಮಾತುಕತೆಗೆ ನನಗೆ ಸಮಯವಿಲ್ಲ ಎಂಬರ್ಥದ ಉತ್ತರ ಬಂತು. ಗೋರಾ ಮುನಿಸಿಕೊಳ್ಳದೆ ತಮ್ಮ ಕೆಲಸ ಮುಂದುವರಿಸಿದರು. 1944ರಲ್ಲಿ ಸೇವಾಗ್ರಾಮಕ್ಕೆ ಕರೆ ಬಂತು. ದೇವರಿಲ್ಲದವನ ಜೊತೆ ಏನು ಮಾತಾಡಲಿ ಎಂದು ಗಾಂಧೀಜಿ ಆರಂಭಿಸಿದರಂತೆ. ಆ ಮಾತುಕತೆಯಲ್ಲಿ ಗೋರಾ ಹೇಳಿದ ಸಂಗತಿ ಇದು: ಬಂಗಾಳದ ಕ್ಷಾಮದ ಕಾಲದಲ್ಲಿ ಕಲ್ಕತ್ತದ ಪಾದಚಾರಿ ಮಾರ್ಗಗಳಲ್ಲಿ ಹಸಿದವರು ಕುಸಿದು ಸಾಯುತ್ತಿದ್ದರು, ಅದೂ ಮಿಠಾಯಿ ಮತ್ತು ಹಣ್ಣುಗಳನ್ನು ಜೋಡಿಸಿಟ್ಟ ಅಂಗಡಿಗಳ ಪಕ್ಕದಲ್ಲೇ. ಹಸಿದ ನಾಯಿಯೋ ಗೂಳಿಯೋ ಆಗಿದ್ದರೆ ಅಲ್ಲಿ ಹಾಗೆ ಸಾಯುತ್ತಿರಲಿಲ್ಲ, ಬಾಯಿ ಹಾಕುತ್ತಿತ್ತು. ಮನುಷ್ಯರನ್ನು ಹಾಗೆ ಕೈಕಟ್ಟಿ ಕೂರಿಸಿದ್ದು ಎಲ್ಲವೂ ದೈವೇಚ್ಛೆಯೆಂಬ ಭಾವನೆ ಎಂಬುದು ಗೋರಾ ಅವರ ವಾದ. ನಾನು ಆ ವಾದವನ್ನು ಪೂರ್ತಿಯಾಗಿ ಒಪ್ಪಲಾರೆ, ಹಸಿವಿನಿಂದ ಶಕ್ತಿಯೇ ಉಡುಗಿದವರಿಗೂ ಪೊಲೀಸರ ಭಯವಿದ್ದವರಿಗೂ ಅದು ಉತ್ತರವಲ್ಲ. ಆದರೂ, ದೇವರನ್ನು ಬಿಡಿ ಎಂದ ಆ ಮನುಷ್ಯ ಹಾಗೆ ಹೇಳಿದ್ದು ಹಸಿದವರ ಮೇಲಿನ ಕರುಣೆಯಿಂದ ಎಂಬುದನ್ನು ಗಾಂಧೀಜಿ ಕಂಡುಕೊಂಡರು. ಅವರು ಗೋರಾ ಅವರಿಗೆ ಹೇಳಿದ್ದು: ‘ನನ್ನ ಆಸ್ತಿಕತೆ ಸರಿಯೆಂದಾಗಲಿ ನಿಮ್ಮ ನಾಸ್ತಿಕತೆ ತಪ್ಪೆಂದಾಗಲಿ ನಾನು ಹೇಳಲಾರೆ. ನಾವಿಬ್ಬರೂ ಸತ್ಯವನ್ನು ಅರಸುವವರು. ಯಾರು ಸರಿಯೆಂಬುದನ್ನು ಫಲಿತಾಂಶ ಹೇಳುತ್ತದೆ, ಆಗ ನಾನು ನಿಮ್ಮ ದಾರಿಗೆ ಬಂದೇನು, ನೀವು ನನ್ನ ದಾರಿಗೆ ಬಂದೀರಿ, ಇಲ್ಲವೇ ಇಬ್ಬರೂ ಮೂರನೆಯ ದಾರಿ ಹಿಡಿದೇವು. ನಿಮ್ಮ ವಿಧಾನ ನನ್ನದಕ್ಕೆ ವಿರುದ್ಧವಾದರೂ ನೆರವಾಗುತ್ತೇನೆ.’ ಈ ಆಶಯದ ಮಾತುಗಳನ್ನು ಗೋರಾ ದಾಖಲಿಸಿದ್ದಾರೆ.

ಇದು ಆ ದಿನದ ಔದಾರ್ಯವಷ್ಟೇ ಆಗಿರಲಿಲ್ಲ. 1891ರಲ್ಲಿ ಲಂಡನ್ನಿನಲ್ಲಿ ವಿದ್ಯಾರ್ಥಿಯಾಗಿದ್ದಾಗ ಗಾಂಧೀಜಿ ಚಾರ್ಲ್ಸ್ ಬ್ರಾಡ್‌ಲಾ ಎಂಬ ಹೆಸರಾಂತ ನಾಸ್ತಿಕ ಸಂಸದರ ಅಂತ್ಯಸಂಸ್ಕಾರಕ್ಕೆ ಹೋಗಿದ್ದರು. ಭಾರತದ ಪರವಾಗಿ ದನಿಯೆತ್ತಿದ್ದ ಆತನಿಗೆ ಗೌರವ ಸಲ್ಲಿಸಲು ಅಲ್ಲಿದ್ದ ಭಾರತೀಯರು ಬಹುತೇಕ ಎಲ್ಲರೂ ನೆರೆದಿದ್ದರು. 1931ರ ಡಿಸೆಂಬರ್‌ನಲ್ಲಿ ಸ್ವಿಟ್ಜರ್ಲೆಂಡಿನ ಲೌಸಾನ್‌ನಲ್ಲಿ ಮಾತನಾಡುತ್ತ, ದೇವರೇ ಸತ್ಯ ಎನ್ನುತ್ತಿದ್ದ ತಾವು ಸತ್ಯವೇ ದೇವರು ಎಂದು ಹೇಳತೊಡಗಿದ್ದೇಕೆಂದು ವಿವರಿಸಿದಾಗ, ಸತ್ಯದ ಹಂಬಲದಿಂದಲೇ ದೇವರನ್ನು ಅಲ್ಲಗಳೆದವರಿದ್ದಾರೆ, ಅವರ ದೃಷ್ಟಿಯಿಂದ ಅದು ಸರಿಯೇ ಎಂದು ಒಪ್ಪಿದ್ದರು.

ಒಪ್ಪಿಗೆಯ ನಿಜವಾದ ಪರೀಕ್ಷೆ ಬಂದದ್ದು ಮದುವೆಯೊಂದರಲ್ಲಿ. ಗೋರಾ ತಮ್ಮ ಮಗಳು ಮನೋರಮಾಳನ್ನು ದಲಿತ ಯುವಕ ಅರ್ಜುನರಾವ್ ಅವರಿಗೆ ಕೊಡಲು ನಿಶ್ಚಯಿಸಿದ್ದರು. ಆ ಮದುವೆಯನ್ನು ಸೇವಾಗ್ರಾಮದಲ್ಲೇ ನಡೆಸಲು ಗಾಂಧೀಜಿ ಮುಂದಾದರು. ವಿಧಿಯಲ್ಲಿ ದೇವರ ಹೆಸರನ್ನು ಹೇಳುವುದು ತಮ್ಮ ಮನಸ್ಸಾಕ್ಷಿಗೆ ಒಗ್ಗದೆಂದು ಗೋರಾ ತಿಳಿಸಿದಾಗ, ಆ ಜಾಗದಲ್ಲಿ ಸತ್ಯದ ಹೆಸರನ್ನು ಇಡಲು ಸಮ್ಮತಿಸಿದರು. ರಾಮನಾಮವನ್ನೇ ಉಸಿರಾಡಿದ ಗಾಂಧೀಜಿ ತಮ್ಮ ಆಶ್ರಮದಲ್ಲೇ ಇದಕ್ಕೆ ಒಪ್ಪಿದ್ದು ಸಣ್ಣ ಮಾತಲ್ಲ. ಗೋರಾ ಅವರೂ ಅಷ್ಟೇ ದೂರ ನಡೆದು ಬಂದಿದ್ದರು. ದೇವರ ಪ್ರಾರ್ಥನೆ ದಿನಕ್ಕೆರಡು ಬಾರಿ ನಡೆಯುವ ಜಾಗದಲ್ಲಿ ಮಗಳ ಮದುವೆ ಮಾಡಲು ಅವರಿಗೆ ಅಡ್ಡಿಯೆನಿಸಲಿಲ್ಲ. ಮದುವೆ ನಡೆಯುವ ಮೊದಲೇ ಗಾಂಧೀಜಿಯ ಕೊಲೆಯಾಯಿತು. 1948ರ ಮಾರ್ಚ್‌ನಲ್ಲಿ, ಮೊದಲೇ ಒಪ್ಪಿದ್ದಂತೆ, ಸೇವಾಗ್ರಾಮದಲ್ಲೇ ಅದು ನೆರವೇರಿತು. ಗಾಂಧೀಜಿ ಕಡೆಯವರೆಗೂ ಆಸ್ತಿಕರಾಗಿಯೇ ಉಳಿದರು, 1975ರಲ್ಲಿ ತೀರಿಕೊಳ್ಳುವವರೆಗೆ ಗೋರಾ ನಾಸ್ತಿಕರಾಗಿಯೇ ಉಳಿದರು. ಜಾತಿಯನ್ನು ಒಡೆಯುವ ಕೆಲಸ ಇಬ್ಬರದೂ ಆಗಿತ್ತು.

ಪ್ರಶ್ನೆ: ನಾನು ಸರ್ಕಾರಿ ಪ್ರೌಢಶಾಲೆಯ ಶಿಕ್ಷಕಿ. ದೇವರನ್ನು ನಂಬುವುದಿಲ್ಲ, ಅದನ್ನು ಮಕ್ಕಳೆದುರು ಹೇಳಿಯೂ ಇಲ್ಲ. ಶಾಲೆಯಲ್ಲಿ ಪೂಜೆ ನಡೆದಾಗ ಆರತಿ ತೆಗೆದುಕೊಳ್ಳದೆ ಹಿಂದೆ ನಿಂತೆನೆಂದು ಸಹೋದ್ಯೋಗಿಗಳು ಅಹಂಕಾರ ಎನ್ನುತ್ತಾರೆ. ನನಗೆ ಹಾಗೆ ನಿಲ್ಲುವ ಹಕ್ಕಿದೆಯೇ?
ರಾಯಚೂರು ಜಿಲ್ಲೆ

ಉತ್ತರ: ಇದೆ. ಸಂವಿಧಾನದ 25ನೇ ವಿಧಿ ಮೊದಲು ಹೆಸರಿಸುವುದೇ ಅಂತಃಸಾಕ್ಷಿಯ ಸ್ವಾತಂತ್ರ್ಯವನ್ನು, ಧರ್ಮಾಚರಣೆಯ ಮಾತು ಅದರ ನಂತರ ಬರುತ್ತದೆ. ಪೂರ್ಣವಾಗಿ ಸರ್ಕಾರದ ಹಣದಲ್ಲಿ ನಡೆಯುವ ಶಿಕ್ಷಣ ಸಂಸ್ಥೆಗಳಲ್ಲಿ ಧಾರ್ಮಿಕ ಬೋಧನೆ ಇರಕೂಡದೆಂದು 28ನೇ ವಿಧಿ ಹೇಳುತ್ತದೆ. ಮಂತ್ರಿಗಳೂ ನ್ಯಾಯಾಧೀಶರೂ ದೇವರ ಹೆಸರಿನಲ್ಲಿ ಪ್ರಮಾಣ ಮಾಡಬಹುದು, ಇಲ್ಲವೇ ದೇವರ ಹೆಸರೆತ್ತದೆ ಸತ್ಯನಿಷ್ಠೆಯಿಂದ ದೃಢೀಕರಿಸಬಹುದು. ಎರಡಕ್ಕೂ ಬೆಲೆ ಒಂದೇ. 2011ರ ಜನಗಣತಿಯಲ್ಲಿ ತಮ್ಮ ಧರ್ಮ ಯಾವುದೆಂದು ತಿಳಿಸದವರು ಸುಮಾರು 28.7 ಲಕ್ಷ, ಅವರೆಲ್ಲ ನಾಸ್ತಿಕರೆಂದು ಹೇಳಲಾಗದು, ಆದರೆ ಇಷ್ಟು ದೊಡ್ಡ ದೇಶದಲ್ಲಿ ಅದು ಶೇಕಡ 0.25ರಷ್ಟೂ ಇಲ್ಲದ ಸಂಖ್ಯೆ. ಅಷ್ಟು ಸಣ್ಣ ಗುಂಪಿಗೆ ಕಾನೂನಿನ ಆಸರೆಯಷ್ಟೇ ಸಾಲದು, ಜೊತೆಯಲ್ಲಿರುವವರ ಸಜ್ಜನಿಕೆಯೂ ಬೇಕಾಗುತ್ತದೆ.

ನಿಮ್ಮ ಸಹೋದ್ಯೋಗಿಗಳಿಗೆ 1949ರ ಅಕ್ಟೋಬರ್ 17ರ ಕಥೆಯನ್ನು ಹೇಳಿ. ಅಂದು ಸಂವಿಧಾನ ಸಭೆಯಲ್ಲಿ ಪ್ರಸ್ತಾವನೆಯ ಚರ್ಚೆ. ಮಂಗಳೂರಿನಲ್ಲಿ ಹುಟ್ಟಿದ ಹರಿ ವಿಷ್ಣು ಕಾಮತರು, ಪ್ರಸ್ತಾವನೆ ‘ದೇವರ ಹೆಸರಿನಲ್ಲಿ’ ಎಂದು ಆರಂಭವಾಗಬೇಕೆಂಬ ತಿದ್ದುಪಡಿ ತಂದರು. ಅಸ್ಸಾಮಿನ ರೋಹಿಣಿ ಕುಮಾರ್ ಚೌಧುರಿ, ಕಾಮರೂಪದ ಶಾಕ್ತರಾದ ತಮಗೆ ‘ದೇವಿಯ ಹೆಸರಿನಲ್ಲಿ’ ಎಂದಿರಬೇಕು ಎಂದರು. ದೇವರ ವಿಷಯವನ್ನು ಮತಕ್ಕೆ ಹಾಕುವ ಮುಜುಗರಕ್ಕೆ ನಮ್ಮನ್ನು ಈಡುಮಾಡಬೇಡಿರೆಂದು ಪೂರ್ಣಿಮಾ ಬ್ಯಾನರ್ಜಿ ಕೇಳಿಕೊಂಡರು. ತಿರುವಾಂಕೂರಿನ ಪಟ್ಟಂ ತಾಣು ಪಿಳ್ಳೆ, ತಾವು ದೇವರನ್ನು ನಂಬುವವರೇ ಆದರೂ ಈ ತಿದ್ದುಪಡಿ ನಂಬಿಕೆಯ ವಿಷಯದಲ್ಲಿ ಬಲವಂತವಾಗುತ್ತದೆ ಎಂದು ವಿರೋಧಿಸಿದರು. ಹೃದಯನಾಥ ಕುಂಜ್ರು ಅವರಿಗೂ ಅದೇ ಅಭಿಪ್ರಾಯ. ಕಾಮತರು ಪಟ್ಟು ಬಿಡಲಿಲ್ಲ. ಮತ ಎಣಿಸಿದಾಗ ಪರವಾಗಿ 41, ವಿರುದ್ಧವಾಗಿ 68. ವಿರೋಧಿಸಿದವರಲ್ಲಿ ಹಲವರು ಅಂದು ಬೆಳಿಗ್ಗೆ ಪೂಜೆ ಮುಗಿಸಿಯೇ ಸಭೆಗೆ ಬಂದಿರಬಹುದಾದ ಜನ. ತಾವು ನಂಬುವುದನ್ನು ಎಲ್ಲರ ಬಾಯಲ್ಲೂ ಹೇಳಿಸಬಾರದೆಂಬ ಎಚ್ಚರ ಅವರಿಗಿತ್ತು.

ನಿಲ್ಲುವ ಹಕ್ಕಿನ ಬಗ್ಗೆ ಇನ್ನೊಂದು ತೀರ್ಪು ನಿಮಗೆ ಉಪಯೋಗಕ್ಕೆ ಬಂದೀತು. ಕೇರಳದಲ್ಲಿ ಯೆಹೋವನ ಸಾಕ್ಷಿಗಳ ಪಂಥಕ್ಕೆ ಸೇರಿದ ಮೂವರು ಮಕ್ಕಳು ರಾಷ್ಟ್ರಗೀತೆಯ ಸಮಯದಲ್ಲಿ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ತಮ್ಮ ನಂಬಿಕೆಯ ಕಾರಣದಿಂದ ಹಾಡುತ್ತಿರಲಿಲ್ಲ. ಶಾಲೆ ಅವರನ್ನು ಹೊರಗೆ ಹಾಕಿತು. 1986ರಲ್ಲಿ ಸುಪ್ರೀಂ ಕೋರ್ಟ್ ಆ ಮಕ್ಕಳನ್ನು ಮರಳಿ ಸೇರಿಸಿಕೊಳ್ಳಬೇಕೆಂದು ಹೇಳಿತು. ಆ ಮಕ್ಕಳು ನಾಸ್ತಿಕರಲ್ಲ, ಬಹಳ ನಿಷ್ಠೆಯ ಆಸ್ತಿಕರು. ಗೌರವದಿಂದ ನಿಂತವರ ಬಾಯಿಂದ ಮಾತನ್ನು ಬಲವಂತವಾಗಿ ಹೊರಡಿಸುವಂತಿಲ್ಲ ಎಂಬ ಆ ರಕ್ಷಣೆ ಅವರಿಗೆ ಸಲ್ಲುವಂತೆಯೇ ನಿಮಗೂ ಸಲ್ಲಬೇಕಾದದ್ದು.

ಹಕ್ಕಿದೆಯೆಂದ ಮಾತ್ರಕ್ಕೆ ಪ್ರತಿ ಸಲವೂ ಅದನ್ನು ಎತ್ತಿ ತೋರಿಸಬೇಕಾಗಿಲ್ಲ. ಪೂಜೆಯ ಹೊತ್ತಿನಲ್ಲಿ ಮಕ್ಕಳ ಸಾಲು ನೋಡಿಕೊಳ್ಳುವ ಕೆಲಸವನ್ನು ನೀವಾಗಿಯೇ ಕೇಳಿ ಪಡೆಯಿರಿ. ಯಾರಾದರೊಬ್ಬರು ಅದನ್ನು ಮಾಡಲೇಬೇಕು, ಮತ್ತು ಪೂಜೆಗೆ ನಿಲ್ಲಲು ಮನಸ್ಸಿರುವವರಿಗೆ ಅದರಿಂದ ಬಿಡುವು ಸಿಗುತ್ತದೆ. ಚಂದಾ ಕೇಳಿದರೆ, ಮಕ್ಕಳಿಗೆ ಹಂಚುವ ಚರುಪಿನ ಖರ್ಚಿಗೆ ನನ್ನದಿಷ್ಟು ಎಂದು ಕೊಡಿ. ಆರತಿ ತಟ್ಟೆ ಹತ್ತಿರ ಬಂದಾಗ ಮುಖ ತಿರುಗಿಸದೆ, ಬೇಡವೆಂದು ನಗುತ್ತ ತಲೆಯಾಡಿಸಿದರೆ ಸಾಕು. ಇಷ್ಟಾದ ಮೇಲೂ ಯಾರಾದರೂ ಅಹಂಕಾರ ಎಂದರೆ, ಅವರನ್ನು ಒಬ್ಬರನ್ನೇ ಬಿಡುವಿನ ವೇಳೆಯಲ್ಲಿ ಕರೆದು, ನಾನು ಹಿಂದೆ ನಿಂತಾಗ ನಿಮಗೆ ಏನನಿಸಿತೆಂದು ಕೇಳಿ. ಅವರ ಉತ್ತರವನ್ನು ಪೂರ್ತಿಯಾಗಿ ಕೇಳಿದ ಬಳಿಕ, ಹಾಗೆ ನಿಂತಾಗ ನಿಮಗೆ ಏನನಿಸುತ್ತಿತ್ತೆಂಬುದನ್ನೂ ಹೇಳಿ.